ವಿಂಡೋಸ್ 11 ಹತ್ತುತ್ತಿಲ್ಲ, ಬಿಟ್‌ಲಾಕರ್ ಮಾತ್ರ ಆಫ್ ಅಂತಲೇ ತೋರಿಸುತ್ತಿದೆ

ಪ್ರಶ್ನೆ, ಮೂಡಿಗೆರೆಯಿಂದ

ನಮಸ್ಕಾರ. ತೋಟದ ಲೆಕ್ಕ ಬರೆಯುವ ಲ್ಯಾಪ್‌ಟಾಪ್ ಇದು. ವಿಂಡೋಸ್ 10 ಹೋಮ್, 1 ಟಿಬಿ ಹಾರ್ಡ್ ಡಿಸ್ಕ್. ಅಕ್ಟೋಬರ್ 14, 2025ಕ್ಕೆ 10ರ ಬೆಂಬಲ ನಿಂತಿತಲ್ಲ, 11 ಹಾಕೋಣ ಅಂತ ಹೊರಟೆ. ಹೆಲ್ತ್ ಚೆಕ್ ಆ್ಯಪ್ ಎಲ್ಲಾ ಸರಿ ಇದೆ ಅಂದಿತು, ಟಿಪಿಎಂ 2.0 (ಭದ್ರತೆಯ ಚಿಪ್) ಕೂಡ ಇದೆ. ಆದರೆ ಮೊದಲ ರೀಸ್ಟಾರ್ಟ್‌ನಲ್ಲೇ ಮುಗ್ಗರಿಸಿ ಹಳೆಯ 10ಕ್ಕೇ ವಾಪಸ್ ಬರುತ್ತದೆ. ಸೇಫ್ ಓಎಸ್ ಹಂತ, ಬೂಟ್ ಎರರ್ ಅಂತ ಏನೋ ಬರುತ್ತದೆ. ಮೂರು ಸಲ ಆಯ್ತು. ಕೊಯ್ಲು ಶುರುವಾಗಿದೆ, ಶನಿವಾರ ಬಟವಾಡೆ. ಫಾರ್ಮ್ಯಾಟ್ ಮಾಡಿ ಅಂತ ಮಾತ್ರ ಹೇಳಬೇಡಿ.

ಹಾಸನದಿಂದ

ಮೇಡಂ, ಬಿಟ್‌ಲಾಕರ್ ಇರಬೇಕು, ಅಂದರೆ ಡಿಸ್ಕಿಗೆ ವಿಂಡೋಸ್ ತಾನೇ ಹಾಕುವ ಬೀಗ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು, ಬಿಟ್‌ಲಾಕರ್ ಸ್ಥಿತಿ ತೋರಿಸುವ ಮ್ಯಾನೇಜ್-ಬಿಡಿಇ ಸ್ಟೇಟಸ್ ಕಮಾಂಡ್ ಕೊಟ್ಟು ನೋಡಿ. ಆನ್ ಇದ್ದರೆ ಸಸ್ಪೆಂಡ್ (ತಾತ್ಕಾಲಿಕವಾಗಿ ನಿಲ್ಲಿಸು) ಮಾಡಿದರೆ ಸಾಕು.

ಮೂಡಿಗೆರೆ

ನೋಡಿದೆ ಸರ್. ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗಿದೆ (ಬೀಗವಿಲ್ಲ), ಪ್ರೊಟೆಕ್ಷನ್ ಆಫ್ ಅಂತಿದೆ.

ಸಕಲೇಶಪುರದಿಂದ

ಹಾಗಾದ್ರೆ ಡ್ರೈವರ್ ತೊಂದರೆ. ಪ್ರಿಂಟರ್, ಪೆನ್‌ಡ್ರೈವ್ ಎಲ್ಲಾ ತೆಗೆದು ಇನ್ನೊಂದ್ಸಲ ನೋಡಿ.

ಮೂಡಿಗೆರೆ

ತೆಗೆದೆ. ಅದೇ ರಾಗ.

ಹಾಸನ

ಒಂದು ವಿಷಯ ಮೊದಲೇ ಕೇಳಬೇಕಿತ್ತು, ನನ್ನದೇ ತಪ್ಪು. ಸ್ವಿಚ್ ಹಾಕಿದ ಮೇಲೆ, ವಿಂಡೋಸ್ ಬರೋ ಮುಂಚೆ, ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತಾ? ಅದರ ಕೆಳಗೆ ಪಿಐಎಂ ಅಂತ, ಪಾಸ್‌ವರ್ಡ್ ಜೊತೆಗೆ ಕೊಡುವ ಒಂದು ಸಂಖ್ಯೆ?

ಮೂಡಿಗೆರೆ

ಹೌದು! ಪಿಐಎಂ ಅಂದಾಗ ಸುಮ್ನೆ ಎಂಟರ್ ಒತ್ತುತ್ತೇನೆ. ನಮ್ಮ ಅಕ್ಕನ ಮಗ ಬೆಂಗಳೂರಿಂದ ಬಂದಾಗ ಹಾಕಿಕೊಟ್ಟಿದ್ದು.

ಹಾಸನ

ಸಿಕ್ಕಿತು. ಅದು ಡಿಸ್ಕಿಗೆ ಬೀಗ ಹಾಕುವ ಬೇರೆ ತಂತ್ರಾಂಶ ವೆರಾಕ್ರಿಪ್ಟ್, ಬಿಟ್‌ಲಾಕರ್ ಅಲ್ಲ. ಮ್ಯಾನೇಜ್-ಬಿಡಿಇಗೆ ತನ್ನ ಬೀಗ ಮಾತ್ರ ಗೊತ್ತು, ಬೇರೆಯವರ ಬೀಗ ಕಾಣಿಸುವುದಿಲ್ಲ. ವಿಂಡೋಸ್ ಓಡುತ್ತಿರುವಾಗ ವೆರಾಕ್ರಿಪ್ಟ್‌ನ ಡ್ರೈವರ್ ವಿಂಡೋಸ್ ಮತ್ತು ಡಿಸ್ಕಿನ ನಡುವೆ ಕೂತು ಓದಿದ್ದನ್ನೆಲ್ಲ ಬಿಡಿಸಿ ಕೊಡುತ್ತಿರುತ್ತದೆ. ಹಾಗಾಗಿ ಮೇಲಿನವರಿಗೆ ಅದು ಮಾಮೂಲಿ ಡಿಸ್ಕ್. ಅಪ್‌ಗ್ರೇಡ್ ಶುರುವಾಗಿ ರೀಸ್ಟಾರ್ಟ್ ಆದಾಗ ಏಳುವುದು ನಿಮ್ಮ ವಿಂಡೋಸ್ ಅಲ್ಲ, ಸೆಟಪ್ ತಂದ ಪುಟ್ಟ ವಿಂಡೋಸ್. ಅದರಲ್ಲಿ ಆ ಡ್ರೈವರ್ ಇಲ್ಲ. ಸಿ ಡ್ರೈವ್ ಅದಕ್ಕೆ ಬರೀ ಕಸ. ಬಿಟ್‌ಲಾಕರ್ ಆಗಿದ್ದರೆ ಮೈಕ್ರೋಸಾಫ್ಟಿನದೇ ಸರಕು, ಇಷ್ಟು ಗೋಳಿರಲಿಲ್ಲ.

ಸಕಲೇಶಪುರ

ಡಿಕ್ರಿಪ್ಟ್ ಮಾಡದೆಯೂ ಆಗುತ್ತೆ ಅಲ್ವಾ? ರಿಫ್ಲೆಕ್ಟ್ ಡ್ರೈವರ್ಸ್ ಆಯ್ಕೆ ಕೊಟ್ಟು ಸೆಟಪ್ ಓಡಿಸಿದರೆ ಆ ಡ್ರೈವರನ್ನೂ ಜೊತೆಗೆ ಒಯ್ಯುತ್ತದೆ.

ಹಾಸನ

ಆಗುತ್ತೆ ಅಣ್ಣ. ಆದರೆ ಬಟವಾಡೆ ವಾರದಲ್ಲಿ ನಾನಂತೂ ಆ ಸಾಹಸ ಹೇಳಲ್ಲ. ಮೇಡಂ, ಮೊದಲು ಲೆಕ್ಕದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆಮೇಲೆ ವೆರಾಕ್ರಿಪ್ಟ್‌ನ ಸಿಸ್ಟಂ ಮೆನುವಿನಲ್ಲಿ ಪರ್ಮನೆಂಟ್ಲಿ ಡಿಕ್ರಿಪ್ಟ್ ಒತ್ತಿ. ಹಾರ್ಡ್ ಡಿಸ್ಕ್ ಆದ್ದರಿಂದ ಗಂಟೆಗಟ್ಟಲೆ ಹಿಡಿಯುತ್ತೆ. ನಡುವೆ ನಿಲ್ಲಿಸಬೇಕಾದರೆ ಡಿಫರ್ ಒತ್ತಿ, ಆಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ನಿಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಬ್ಯಾಟರಿ ಗಟ್ಟಿ ಇದೆಯಾ ನೋಡಿಕೊಳ್ಳಿ. ಮುಗಿದ ಮೇಲೆ ವೆರಾಕ್ರಿಪ್ಟ್ ಅನ್‌ಇನ್‌ಸ್ಟಾಲ್, ಆಮೇಲೆ ಅಪ್‌ಗ್ರೇಡ್.

ಮೂಡಿಗೆರೆ

ಆಯ್ತು ಸರ್! ಶನಿವಾರದ ಬಟವಾಡೆ ಮುಗಿಸಿ ರಾತ್ರಿ ಊಟಕ್ಕೆ ಮುಂಚೆ ಹಚ್ಚಿದ್ದೆ. ಮಧ್ಯೆ ಎರಡು ಸಲ ಕರೆಂಟ್ ಹೋಯ್ತು, ಬ್ಯಾಟರಿ ತಡೆಯಿತು. ಬೆಳಗ್ಗೆ ಕಾಫಿ ಹೊತ್ತಿಗೆ ಡಿಕ್ರಿಪ್ಟ್ ಮುಗಿದಿತ್ತು. ಅಪ್‌ಗ್ರೇಡ್ ಒಂದೇ ಸಲಕ್ಕೆ ಹತ್ತಿತು. ಈಗ ಬೀಗವೇ ಇಲ್ಲದ ಹಾಗಾಯ್ತಲ್ಲ?

ಹಾಸನ

ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಇದೆಯಾ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಆನ್ ಮಾಡಿದರೆ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಕಾಗದದ ಮೇಲೂ ಬರೆದಿಡಿ.

ಮೂಡಿಗೆರೆ

ಬಟವಾಡೆ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದೆ.

ಹಾಸನ

ಆ ಪುಸ್ತಕವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಬೇಡಿ ಮತ್ತೆ!