ಅಂಬಾಸಿಡರ್ ಇಂಜಿನ್ ಅದಲು ಬದಲು: ಬೆಲೆ ಕಟ್ಟುವುದು ಹೇಗೆ?

ಹಳೇಗಾಡಿ_ಹಾಸನ:
ಅಪ್ಪನ ಅಂಬಾಸಿಡರ್ ಮಾರ್ಕ್ 3 ಕಾರಿನಲ್ಲಿ ಮೂಲ 1489 ಸಿಸಿ ಪೆಟ್ರೋಲ್ ಇಂಜಿನ್ ಇದೆ, ಚೆನ್ನಾಗಿಯೇ ಓಡುತ್ತದೆ. ಒಬ್ಬರು ಅದನ್ನು ತಗೊಂಡು ಇಸುಜು 1.8 ಇಂಜಿನ್, ಐದು ಗೇರಿನ ಬಾಕ್ಸ್ ಸಮೇತ ಕೊಡುತ್ತಾರಂತೆ, ಮೇಲೆ ನಾನು 20 ಸಾವಿರ ಕೊಡಬೇಕು. ಇಂಜಿನ್ ಶೆಡ್‌ನಲ್ಲಿ ನೆಲದ ಮೇಲಿದೆ, ಹೊಸ ಬಣ್ಣ ಹೊಡೆದಿದ್ದಾರೆ. ಏನು ನೋಡಬೇಕು?

ಸ್ಪ್ಯಾನರ್ಅಣ್ಣ:
ಬಣ್ಣ ಮರೆತುಬಿಡಿ ಸರ್. ಆಯಿಲ್ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ, ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಸಿಕ್ಕರೆ ನೀರು ಸೇರಿರಬಹುದು ಅಂತ ಅರ್ಥ. ಆಮೇಲೆ ಬ್ಯಾಟರಿ, ಸ್ಟಾರ್ಟರ್ ಕೊಟ್ಟು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವಾಗ ಒಳಗೆ ಬರುವ ಒತ್ತಡ) ಅಳೆಯಿರಿ. ಒಂದು ಕಡಿಮೆ ಬಂದರೆ ಅದರ ಸ್ಪಾರ್ಕ್ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ, ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್ ತೊಂದರೆ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲು) ಮೇಲೆ ಅನುಮಾನ. ಬೋರ್ ಎಷ್ಟು ಸಲ ಮಾಡಿಸಿದ್ದಾರೆ, ಅಂದರೆ ಸವೆದ ಸಿಲಿಂಡರನ್ನು ಎಷ್ಟು ಸಲ ಕೊರೆದು ಅಗಲ ಮಾಡಿಸಿದ್ದಾರೆ ಅಂತಲೂ ಕೇಳಿ, ಇನ್ನು ಕೊರೆಯಲಾಗದ ಕೊನೆಯ ಓವರ್‌ಸೈಜ್‌ಗೆ ಬಂದಿದ್ದರೆ ಬೆಲೆ ಅರ್ಧವೂ ಇಲ್ಲ.

ಮಲೆನಾಡ_ಆಂಬಿ:
ಆರ್‌ಟಿಓ ಅನುಮತಿ ತಗೊಂಡು ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಿಸಬೇಕು. ಬ್ಲಾಕಿನ ನಂಬರ್ ಉಜ್ಜಿದ ಹಾಗಿದ್ದರೆ ಮುಟ್ಟಲೇಬೇಡಿ. ಇನ್ನೊಂದು ಮಾತು, ಆರ್‌ಸಿಯ ನಂಬರಿಗೆ ಹೊಂದುವ ಮೂಲ ಇಂಜಿನ್ ಗಾಡಿಯ ಜೀವ ಅಲ್ವಾ? ನಾನು ನನ್ನ ಗಾಡಿಯದನ್ನು ಹತ್ತು ವರ್ಷದ ಹಿಂದೆ ಕೊಟ್ಟುಬಿಟ್ಟೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಳೇಗಾಡಿ_ಹಾಸನ:
ಇಸುಜು ಇಂಜಿನ್ ಕಂಪ್ರೆಷನ್ ಅಳೆಸಿದೆ. ಮೂರನೇ, ನಾಲ್ಕನೇ ಸಿಲಿಂಡರ್ ಎರಡೂ ತೀರಾ ಕಡಿಮೆ. ಅಪ್ಪನ ಇಂಜಿನ್ ಕೊಡುವುದಿಲ್ಲ ಅಂತ ಹೇಳಿ ಬಂದೆ.