ಅಪಧಮನಿಯ ನರವೋ, ಅಪಧಮನಿಗುಂಟ ಬರುವ ನರವೋ? ‘ಹೆಪಾಟಿಕ್ ಪ್ಲೆಕ್ಸಸ್’ಗೆ ಕನ್ನಡ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಅಂಗರಚನೆಯ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಕೃತ್ತಿಗೆ ರಕ್ತ ತರುವ ಅಪಧಮನಿಯ ಮೈಮೇಲೆ ಹಬ್ಬಿಕೊಂಡು ಸಾಗುವ ನರತಂತುಗಳನ್ನು ಒಟ್ಟಾಗಿ ‘ಹೆಪಾಟಿಕ್ ಪ್ಲೆಕ್ಸಸ್’ ಎನ್ನುತ್ತಾರೆ. ಅವು ಅಪಧಮನಿಯನ್ನು ಸುತ್ತುವರಿದಿವೆ ಎಂದು ಹೇಳುವುದಕ್ಕೆ ‘ಪೆರಿಆರ್ಟೀರಿಯಲ್’ ಎಂಬ ವಿಶೇಷಣವೂ ಇದೆ. ಎರಡಕ್ಕೂ ಒಪ್ಪುವ ಕನ್ನಡ ಬೇಕಾಗಿದೆ. ಮೊದಲು ಹೊಳೆಯುವ ಅನುವಾದ ‘ಯಕೃತ್ತಿನ ಅಪಧಮನಿಯ ನರಜಾಲ’. ವ್ಯಾಕರಣ ಸರಿಯಾಗಿದೆ, ಓದುವುದಕ್ಕೂ ತೊಡಕಿಲ್ಲ. ಆದರೂ ಅದು ಹೇಳುವ ಅಂಗರಚನೆ ಸರಿಯಲ್ಲ. ನನ್ನ ತಕರಾರು ಮುಖ್ಯವಾಗಿ ನಡುವಿನ ಷಷ್ಠೀ ವಿಭಕ್ತಿಯ ಮೇಲೆ.

ಅಲ್ಲಿ ಏನಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಹಾಪಧಮನಿ ವಪೆಯನ್ನು ದಾಟಿ ಹೊಟ್ಟೆಯೊಳಕ್ಕೆ ಇಳಿಯುತ್ತಿದ್ದಂತೆ, ಎದೆಯ 12ನೇ ಕಶೇರುವಿನ ಮಟ್ಟದಲ್ಲಿ, ಸೀಲಿಯಾಕ್ ಎಂಬ ಗಿಡ್ಡ ಕಾಂಡವೊಂದು ಅದರಿಂದ ಹೊರಡುತ್ತದೆ. ಅದು ಕೂಡಲೇ ಮೂರಾಗಿ ಒಡೆದು ಜಠರಕ್ಕೆ, ಗುಲ್ಮಕ್ಕೆ, ಯಕೃತ್ತಿಗೆ ಒಂದೊಂದು ಕವಲನ್ನು ಕಳಿಸುತ್ತದೆ. ಈ ಕಾಂಡದ ಬುಡದ ಎಡಬಲಗಳಲ್ಲಿ ಎರಡು ದೊಡ್ಡ ನರಗಂಟುಗಳಿವೆ. ಮಿದುಳುಬಳ್ಳಿಯಿಂದ ಸ್ಪ್ಲ್ಯಾಂಕ್ನಿಕ್ ನರಗಳ (ಹೊಟ್ಟೆಯ ಒಳಾಂಗಗಳ ಕಡೆಗೆ ಹೋಗುವ ನರಗಳ) ಮೂಲಕ ಬರುವ ಸಿಂಪಥೆಟಿಕ್ ಸಂದೇಶ, ಅಂದರೆ ನಮ್ಮ ಇಚ್ಛೆಗೆ ಕಾಯದೆ ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ನರವ್ಯವಸ್ಥೆಯ ಸಂದೇಶ, ಇಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುತ್ತದೆ. ಹೀಗೆ ದಾಟಿದ ಮೇಲೆ ಹೊರಡುವ ಹೊಸ ತಂತುಗಳಿಗೆ ತಮ್ಮದೇ ಆದ ದಾರಿ ಇಲ್ಲ. ಹತ್ತಿರದ ಅಪಧಮನಿಯ ಹೊರಪದರವನ್ನು ಹಿಡಿದುಕೊಂಡು, ಅದು ಕವಲೊಡೆದಲ್ಲಿ ತಾವೂ ಕವಲೊಡೆದು, ಅದು ಹೋದಲ್ಲಿಗೆ ಹೋಗುತ್ತವೆ. ಸೀಲಿಯಾಕ್ ಹೆಣಿಗೆಯಿಂದ (ಪ್ಲೆಕ್ಸಸ್‌ಗೆ ನಾನು ಇಟ್ಟ ಪದ ‘ಹೆಣಿಗೆ’, ಕಾರಣ ಮುಂದಿದೆ) ಹೀಗೆ ಹೊರಡುವ ಉಪಹೆಣಿಗೆಗಳಲ್ಲೆಲ್ಲ ದೊಡ್ಡದು ಯಕೃತ್ತಿನ ಕಡೆಗೆ ಹೋಗುವುದು.

ಈಗ ‘ಅಪಧಮನಿಯ ನರ’ ಎಂದರೆ ಓದುಗರಿಗೆ ಏನು ಅರ್ಥವಾಗುತ್ತದೆ? ಅಪಧಮನಿಗೆ ಸೇರಿದ್ದು, ಅದನ್ನು ನಿಯಂತ್ರಿಸುವುದು ಎಂದಲ್ಲವೇ? ಒಂದಷ್ಟು ತಂತುಗಳ ಮಟ್ಟಿಗೆ ಅದು ನಿಜವೂ ಹೌದು. ನಾಳದ ಗೋಡೆಯ ಸ್ನಾಯುವನ್ನು ಬಿಗಿಗೊಳಿಸಿ ರಕ್ತದ ಹರಿವನ್ನು ಕಡಿಮೆ ಮಾಡುವ ತಂತುಗಳು ಅಲ್ಲಿವೆ. ಉಳಿದವುಗಳಿಗೆ ಅಪಧಮನಿ ಬರೀ ದಾರಿ. ಕೆಲವು ಯಕೃತ್ತಿನ ಒಳಹೊಕ್ಕು, ಅಲ್ಲಿನ ಜೀವಕೋಶಗಳು ಕೂಡಿಟ್ಟ ಗ್ಲೈಕೋಜನ್ನನ್ನು ಸಕ್ಕರೆಯಾಗಿ ಬಿಡುಗಡೆ ಮಾಡುವಂತೆ ಪ್ರೇರೇಪಿಸುತ್ತವೆ. ಕೆಲವು ಪಿತ್ತಕೋಶಕ್ಕೆ ತಿರುಗಿಕೊಳ್ಳುತ್ತವೆ. ಇನ್ನು ಕೆಲವು ನಡುದಾರಿಯಲ್ಲೇ ಗ್ಯಾಸ್ಟ್ರೋಡುಯೋಡಿನಲ್ ಅಪಧಮನಿಯ ಕವಲನ್ನು ಹಿಡಿದು ಜಠರದ ಕೊನೆಯ ಭಾಗಕ್ಕೂ ಮೇದೋಜೀರಕ ಗ್ರಂಥಿಗೂ ಹೋಗುತ್ತವೆ. ಅವು ಯಕೃತ್ತನ್ನು ಕಾಣುವುದೇ ಇಲ್ಲ. ನೋವಿನ ಸುದ್ದಿಯನ್ನು ಒಯ್ಯುವ ತಂತುಗಳದು ಇದಕ್ಕೆ ವಿರುದ್ಧ ದಿಕ್ಕು. ಅಂದರೆ ‘ಯಕೃತ್ತಿನ’ ಎಂಬ ಮೊದಲ ಷಷ್ಠಿಯೂ ಪೂರ್ತಿ ನಿಜವಲ್ಲ, ‘ಅಪಧಮನಿಯ’ ಎಂಬ ಎರಡನೆಯದೂ ಪೂರ್ತಿ ನಿಜವಲ್ಲ.

ಹಾಗಾದರೆ ‘ಸುತ್ತ’ ಎನ್ನೋಣವೇ? ‘ಅಪಧಮನಿಯ ಸುತ್ತಲಿನ ನರಗಳು’ ಎಂದರೆ ಆಸುಪಾಸಿನಲ್ಲಿ ಇರುವ ಯಾವುದೇ ನರವೂ ಆದೀತು. ಮೈಗೆ ಅಂಟಿಕೊಂಡೇ ಬರುತ್ತವೆ ಎಂಬುದು ಹೊಮ್ಮುವುದಿಲ್ಲ. ಸಂಸ್ಕೃತದ ‘ಪರಿ’ ಉಪಸರ್ಗ ಚೆನ್ನಾಗಿಯೇ ಹೊಂದುತ್ತಿತ್ತು, ಆದರೆ ‘ಪರಿಧಮನಿ’ಯನ್ನು ಹೃದಯದವರು ಆಗಲೇ ಕೊಂಡೊಯ್ದಿದ್ದಾರೆ. ‘ಪರಿಧಮನಿಯ ನರ’ ಎಂದು ಬರೆದರೆ ಪತ್ರಿಕೆ ಓದುವವರೆಲ್ಲ ಎದೆ ಮುಟ್ಟಿಕೊಳ್ಳುತ್ತಾರೆ. ‘ಬಳಸು’ ಒಳ್ಳೆಯ ಕ್ರಿಯಾಪದ. ಆದರೆ ‘ಅಪಧಮನಿಯನ್ನು ಬಳಸಿದ ನರ’ ಎಂದರೆ ಇಂದಿನ ಓದುಗರು ಉಪಯೋಗಿಸಿಕೊಂಡ ನರ ಎಂದೇ ಓದುತ್ತಾರೆ.

ನನ್ನ ಒಲವು ‘ಗುಂಟ’ದ ಕಡೆಗೆ. ಹೊಳೆಗುಂಟ ನಡೆದರು, ದಾರಿಗುಂಟ ಮರಗಳಿದ್ದವು ಎನ್ನುತ್ತೇವೆ. ಹೊಳೆಗೂ ನಡೆದವರಿಗೂ ಒಡೆತನದ ಸಂಬಂಧವಿಲ್ಲ, ಆದರೂ ಹೊಳೆ ತಿರುಗಿದಲ್ಲಿ ಅವರೂ ತಿರುಗಿದರು ಎಂಬುದು ಆ ಒಂದೇ ಪದದಲ್ಲಿ ಬಂದುಬಿಡುತ್ತದೆ. ‘ಅಪಧಮನಿಗುಂಟ ಸಾಗುವ ನರಗಳು’ ಎಂಬುದರಲ್ಲಿ ಸುತ್ತುವರಿದ ಅರ್ಥ ಕೊಂಚ ಮಸುಕಾಗುತ್ತದೆ, ಒಪ್ಪುತ್ತೇನೆ. ಎರಡರಲ್ಲಿ ಒಂದನ್ನು ಬಿಡಲೇಬೇಕೆಂದರೆ ನಾನು ಸುತ್ತನ್ನು ಬಿಟ್ಟು ಸಾಗುವುದನ್ನು ಉಳಿಸಿಕೊಳ್ಳುತ್ತೇನೆ. ‘ಉದ್ದಕ್ಕೂ’ ಎನ್ನಬಹುದಲ್ಲ ಎಂದು ಕೇಳುವವರಿಗೆ: ಅದು ಅಳತೆಯನ್ನು ಹೇಳುತ್ತದೆಯೇ ಹೊರತು ಜೊತೆ ಹೋಗುವುದನ್ನು ಹೇಳುವುದಿಲ್ಲ.

ಇನ್ನು ಪ್ಲೆಕ್ಸಸ್. ‘ಜಾಲ’ ಎಂಬ ಪದ ದುಡಿದು ದುಡಿದು ಸವೆದಿದೆ. ಇದೇ ಪಾಠದಲ್ಲಿ ಲೋಮನಾಳಗಳ ಜಾಲ ಬೇರೆ ಬರುತ್ತದೆ. ‘ವ್ಯೂಹ’, ‘ಮಂಡಲ’ ಎರಡೂ ಇಡೀ ನರವ್ಯವಸ್ಥೆಗೆ ಸಂದುಹೋಗಿವೆ. ಮೂಲ ಲ್ಯಾಟಿನ್ ಧಾತುವಿನ ಅರ್ಥ ಹೆಣೆಯುವುದು. ಇಲ್ಲಿ ಆ ಅರ್ಥವೇ ಕೆಲಸಕ್ಕೆ ಬರುತ್ತದೆ, ಏಕೆಂದರೆ ಈ ಕಟ್ಟಿಗೆ ಬಂದು ಸೇರುವ ಎಳೆಗಳ ತವರು ಒಂದೇ ಅಲ್ಲ. ಸಿಂಪಥೆಟಿಕ್ ಎಳೆಗಳು ಸೀಲಿಯಾಕ್ ಗಂಟುಗಳಿಂದ ಬರುತ್ತವೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿದು ಬರುವ ವೇಗಸ್ ನರದ ಎಳೆಗಳು ಅಲ್ಲಿ ತಂಗದೆ ನೇರವಾಗಿ ಸಾಗುತ್ತವೆ. ಮುಂಭಾಗದ ವೇಗಸ್ ಕಾಂಡದ ಒಂದು ಶಾಖೆಯಂತೂ ಅಪಧಮನಿಯ ಬುಡಕ್ಕೆ ಹೋಗದೆ, ಜಠರಕ್ಕೂ ಯಕೃತ್ತಿಗೂ ನಡುವಿನ ಪೊರೆಯೊಳಗಿಂದ ಅಡ್ಡಹಾಯ್ದು ಬಂದು ಸೇರಿಕೊಳ್ಳುತ್ತದೆ. ವಪೆಯನ್ನು ಆಡಿಸುವ ಬಲಗಡೆಯ ಫ್ರೆನಿಕ್ ನರವೂ ಕೆಲವು ಎಳೆಗಳನ್ನು ಕೊಡುತ್ತದೆ. ಜಡೆಯ ಎಳೆಗಳಂತೆ ಇವು ಸೇರಿಯೂ ಬೇರೆಯಾಗಿಯೇ ಉಳಿಯುತ್ತವೆ. ‘ಜಾಲ’ ಎಂದಾಗ ಕಣ್ಣಿಗೆ ಬರುವುದು ಹರಡಿಕೊಂಡ ಕಣ್ಣುಗಳು; ‘ಹೆಣಿಗೆ’ ಎಂದಾಗ ಬರುವುದು ಎಳೆಗಳು. ಆದ್ದರಿಂದ ‘ನರಹೆಣಿಗೆ’ ಎಂದಿಟ್ಟಿದ್ದೇನೆ. ಕಸೂತಿಯ ನೆನಪಾಗುತ್ತದೆ ಎಂದು ಗೆಳೆಯರೊಬ್ಬರು ನಕ್ಕರು. ಆಗಲಿ, ಅದೇನೂ ದೂರದ ನೆನಪಲ್ಲ.

‘ನರ’ದ ತೊಡಕು ಇದಕ್ಕಿಂತ ಹಳೆಯದು. (‘ನರಬಲಿ’ಯ ನರ ಬೇರೆ ಮಾತು, ಅದನ್ನು ಬಿಡಿ.) ಕೈಯ ಮೇಲೆ ನೀಲಿಯಾಗಿ ಉಬ್ಬಿರುವುದನ್ನೂ ‘ನರ’ ಎನ್ನುತ್ತೇವೆ, ಸೂಜಿ ಚುಚ್ಚುವುದಕ್ಕೆ ‘ನರ ಸಿಗುತ್ತಿಲ್ಲ’ ಎಂದು ದೂರುವುದೂ ಅದನ್ನೇ. ಅದು ರಕ್ತನಾಳ. ಹಿಮ್ಮಡಿಯ ಮೇಲಿನ ಗಟ್ಟಿ ಪಟ್ಟಿಯನ್ನೂ ನರ ಎನ್ನುವವರಿದ್ದಾರೆ. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಹೇಳುತ್ತಿದ್ದುದು ಅಂಥ ಗಟ್ಟಿ ದಾರವನ್ನೇ, ಹಾಗಾಗಿ ಇದನ್ನು ಕನ್ನಡದ ಬಡತನ ಎಂದು ಬೈಯಬೇಕಾಗಿಲ್ಲ. ಆದರೆ ನಾಳದ ಮೇಲೆ ನರ ಹಬ್ಬಿದೆ ಎಂಬ ವಾಕ್ಯದಲ್ಲಿ ಈ ಗೊಂದಲ ನಿಜಕ್ಕೂ ತೊಂದರೆ ಕೊಡುತ್ತದೆ: ರಕ್ತನಾಳದ ಮೇಲೆ ಇನ್ನೊಂದು ರಕ್ತನಾಳ ಎಂದು ಓದಿಕೊಳ್ಳುವ ಸಾಧ್ಯತೆ ಇದೆ. ‘ನರತಂತು’ ಎಂದರೆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. ಹಾಗೆಯೇ ಗ್ಯಾಂಗ್ಲಿಯನ್‌ಗೆ ‘ನರಗ್ರಂಥಿ’ ಬೇಡ, ಮೇದೋಜೀರಕ ಗ್ರಂಥಿ ಪಕ್ಕದಲ್ಲೇ ಕುಳಿತಿರುವಾಗ ಅದೂ ಏನನ್ನೋ ಸ್ರವಿಸುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ‘ನರಗಂಟು’ ಸಾಕು.

‘ಯಕೃತ್ತಿಗೆ ನರಗಳ ಪೂರೈಕೆ’ ಎಂಬ ಶೀರ್ಷಿಕೆಯನ್ನು ಮಾತ್ರ ದಯವಿಟ್ಟು ಯಾರೂ ಸಮರ್ಥಿಸಬೇಡಿ. ರಕ್ತವನ್ನು ಪೂರೈಸಬಹುದು, ಅದು ಸಾಮಗ್ರಿ. ಪೋರ್ಟಲ್ ಅಭಿಧಮನಿ ರಕ್ತದ ಸುಮಾರು ಮುಕ್ಕಾಲು ಪಾಲನ್ನು, ಅಪಧಮನಿ ಉಳಿದ ಕಾಲು ಪಾಲನ್ನು ತರುತ್ತದೆ ಎಂದು ಲೆಕ್ಕ ಹೇಳಬಹುದು. ನರ ತರುವುದು ಆಜ್ಞೆ. ಎರಡರ ಅಂತರ ಕಸಿ ಶಸ್ತ್ರಚಿಕಿತ್ಸೆಯಲ್ಲಿ ಎದ್ದು ಕಾಣುತ್ತದೆ. 1963ರಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯರಲ್ಲಿ ಮೊದಲ ಬಾರಿಗೆ ಯಕೃತ್ತಿನ ಕಸಿ ಮಾಡಿದರು. ಅಂದಿನಿಂದ ಇಂದಿನವರೆಗೂ ಶಸ್ತ್ರವೈದ್ಯರು ರಕ್ತನಾಳಗಳನ್ನೂ ಪಿತ್ತನಾಳವನ್ನೂ ಜೋಡಿಸುತ್ತಾರೆ, ಕತ್ತರಿಸಿದ ನರತಂತುಗಳನ್ನು ಹಾಗೆಯೇ ಬಿಡುತ್ತಾರೆ. ಆದರೂ ಯಕೃತ್ತು ಕೆಲಸ ಮಾಡುತ್ತದೆ. ಪೂರೈಕೆ ನಿಂತಿದ್ದರೆ ಹಾಗಾಗುತ್ತಿತ್ತೇ? ‘ನರಸಂಪರ್ಕ’ ಎಂದರೆ ಮುಗಿಯಿತು.

ಉಳಿದದ್ದು ಚಿಕ್ಕ ವಿಷಯಗಳು. ಈ ಹೆಣಿಗೆಯ ಮುಂಭಾಗ ಅಪಧಮನಿಗುಂಟ, ಹಿಂಭಾಗ ಪೋರ್ಟಲ್ ಅಭಿಧಮನಿ ಮತ್ತು ಪಿತ್ತನಾಳಗಳ ಗುಂಟ ಸಾಗುತ್ತದೆ. ಒಂದೇ ವಾಕ್ಯದಲ್ಲಿ ‘ಅಪಧಮನಿ’, ‘ಅಭಿಧಮನಿ’ ಎರಡೂ ಬಂದರೆ ಕರಡು ತಿದ್ದುವವರ ಕಣ್ಣು ತಪ್ಪುವುದು ಖಂಡಿತ. ‘ಧಮನಿ’, ‘ಸಿರೆ’ ಎಂಬ ಜೋಡಿ ಕಿವಿಗೂ ಕಣ್ಣಿಗೂ ಸ್ಪಷ್ಟ, ಆದರೆ ಶಾಲೆಯ ಪುಸ್ತಕಗಳಲ್ಲಿ ಮೊದಲ ಜೋಡಿಯೇ ನೆಲೆಯೂರಿದೆ, ಅದನ್ನೇ ಉಳಿಸಿಕೊಂಡಿದ್ದೇನೆ. ಯಕೃತ್ತು, ಅಪಧಮನಿ ಎರಡನ್ನೂ ಸಂಧಿ ಮಾಡಿ ‘ಯಕೃದಪಧಮನಿ’ ಎಂದು ಬರೆಯಲು ಪಾಣಿನಿಯ ಅನುಮತಿ ಇದೆ, ಓದುಗರದು ಇಲ್ಲ. ‘ಈಲಿ’ ಎಂಬ ಅಚ್ಚಗನ್ನಡ ಪದ ಎಷ್ಟು ಚಿಕ್ಕದು! ‘ಈಲಿಯ ನರಹೆಣಿಗೆ’ ಎಂದು ಬರೆಯುವ ಆಸೆ ಇದೆ, ಧೈರ್ಯ ಸಾಲದು.

ಸದ್ಯಕ್ಕೆ ನನ್ನ ಕರಡಿನ ವಾಕ್ಯ ಹೀಗಿದೆ: ‘ಯಕೃತ್ತಿನ ನರಹೆಣಿಗೆಯ ತಂತುಗಳು ಅಪಧಮನಿಗುಂಟ, ಅದರ ಹೊರಪದರಕ್ಕೆ ಅಂಟಿಕೊಂಡು ಸಾಗುತ್ತವೆ.’ ಬಲ್ಲವರಲ್ಲಿ ಕೇಳುವುದು ಇಷ್ಟು. ‘ಗುಂಟ’ ಎಂಬುದು ನಿಮ್ಮ ಕಡೆಯ ಓದುಗರಿಗೆ ತಡೆಯಿಲ್ಲದೆ ಅರ್ಥವಾಗುತ್ತದೆಯೇ? ಅದರಿಂದ ‘ಅಪಧಮನಿಗುಂಟದ ನರಹೆಣಿಗೆ’ ಎಂದು ವಿಶೇಷಣ ಮಾಡಿಕೊಂಡರೆ ವ್ಯಾಕರಣ ಸಹಿಸುತ್ತದೆಯೇ, ಅಥವಾ ‘ಗುಂಟ’ದ ಮುಂದೆ ಕ್ರಿಯಾಪದ ಇರಲೇಬೇಕೇ? ಮೊದಲನೆಯದು ನಡೆಯುವುದಾದರೆ ಮೂತ್ರಪಿಂಡ, ಗುಲ್ಮ, ಕರುಳುಗಳ ಹೆಣಿಗೆಗಳನ್ನೂ ಅದೇ ಅಚ್ಚಿನಲ್ಲಿ ಹೆಸರಿಸಬಹುದು, ಅವೂ ತಂತಮ್ಮ ಅಪಧಮನಿಗಳನ್ನು ಹಿಡಿದೇ ಹೋಗುತ್ತವೆ. ‘ನರಹೆಣಿಗೆ’ಯನ್ನು ಬೇರೆ ಯಾವುದಾದರೂ ಅರ್ಥಕ್ಕೆ ಆಗಲೇ ಬಳಸಿದ ಉದಾಹರಣೆ ಇದ್ದರೆ ಅದನ್ನೂ ತಿಳಿಸಿ.