ವಿಎಫ್‌ಎಕ್ಸ್ ಡೆಮೊ ರೀಲ್: ಕೆಲಸ ಸಿಕ್ಕವರು, ಸಿಗದವರು ಅನುಭವ ಹೇಳಿ

ಸಿರುಗುಪ್ಪದಿಂದ ಪ್ರಶ್ನೆ: ಬಿಕಾಂ ಮುಗಿದಿದೆ. ಒಂದು ವರ್ಷದಿಂದ ಮನೆಯಲ್ಲೇ ವಿಎಫ್‌ಎಕ್ಸ್ (ಸಿನಿಮಾ ಗ್ರಾಫಿಕ್ಸ್) ಮಾಡುವ ನ್ಯೂಕ್ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ರೋಟೊ (ಆಕೃತಿಯ ಅಂಚು ಗುರುತಿಸಿ ಬೇರ್ಪಡಿಸುವುದು) ಶಾಟ್ ನಾಲ್ಕು, ಗ್ರೀನ್ ಸ್ಕ್ರೀನ್ ಎರಡು ಇವೆ. ಇಷ್ಟರಲ್ಲೇ ರೀಲ್ (ಕೆಲಸ ಕೇಳಲು ಕಳಿಸುವ ಮಾದರಿ ವಿಡಿಯೊ) ಮಾಡಿ ಕಳಿಸಲಾ, ಇನ್ನೂ ಕಾಯಲಾ?

ಸಿಂಧನೂರು: ನಾನು ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ 1,40,000 ಕಟ್ಟಿದೆ. ಅಪ್ಪ ಭತ್ತ ಮಾರಿ ಕೊಟ್ಟ ದುಡ್ಡು. ಪಿಜಿ ತಿಂಗಳಿಗೆ 7,500, ಹನ್ನೊಂದು ತಿಂಗಳು. ಬ್ಯಾಚಿನ 22 ಜನರ ರೀಲಲ್ಲೂ ಒಂದೇ ಫುಟೇಜ್. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನವರು 2012ರಲ್ಲಿ ಮಾಡಿದ ಕಿರುಚಿತ್ರದ್ದು ಉಚಿತವಾಗಿ ಸಿಗುತ್ತದಲ್ಲ, ಅದೇ. ಇಂಟರ್‌ವ್ಯೂನಲ್ಲಿ ಎಂಟನೇ ಸೆಕೆಂಡಿಗೇ ನಿಲ್ಲಿಸಿದರು. "ಬೆಳಗ್ಗೆಯಿಂದ ಇದನ್ನೇ ಮೂರು ಸಲ ನೋಡಿದೆ" ಅಂದರು.

ಗಂಗಾವತಿ: ಫೀಸ್ ಕಟ್ಟಿ ಮೋಸ ಹೋದರೆ ರೀಲ್ ಏನು ಮಾಡೀತು? ನಾನು ಮ್ಯಾಚ್‌ಮೂವ್‌ಗೆ (ಕ್ಯಾಮೆರಾ ಹೇಗೆ ಚಲಿಸಿತು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ಸಾಣಾಪುರದಲ್ಲಿ ಫೋನಿನಲ್ಲೇ ಶೂಟ್ ಮಾಡಿದೆ. ಮೊದಲು ಗದ್ದೆ. ಗಾಳಿಗೆ ಪೈರು ಆಡಿ ಒಂದು ಟ್ರ್ಯಾಕ್ ಪಾಯಿಂಟೂ (ಕಂಪ್ಯೂಟರ್ ಹಿಂಬಾಲಿಸುವ ಗುರುತು) ನಿಲ್ಲಲಿಲ್ಲ. ಬಂಡೆಗಳ ಕಡೆ ಹೋದೆ. ಬಿರುಕು, ಕಲೆ ಬೇಕಾದಷ್ಟು. ಆದರೂ ಸಾಲ್ವ್ ಎರರ್ (ಲೆಕ್ಕ ಎಷ್ಟು ತಪ್ಪಿದೆ ಅನ್ನುವ ಅಳತೆ) 6 ಪಿಕ್ಸೆಲ್! ಹತ್ತು ದಿನ ತಲೆ ಕೆಡಿಸಿಕೊಂಡೆ. ನೋಡಿದರೆ ಫೋನಿನ ಸ್ಟೆಬಿಲೈಸೇಶನ್ (ಅಲುಗಾಟ ತಗ್ಗಿಸುವ ಸೌಲಭ್ಯ) ಆನ್ ಇತ್ತು, ಫ್ರೇಮ್ ರೇಟೂ ಒಂದೇ ಸಮ ಇರಲಿಲ್ಲ. ಎರಡೂ ಸರಿ ಮಾಡಿ ಮತ್ತೆ ಶೂಟ್, ಮತ್ತೆ ಪೆಟ್ರೋಲ್ 300, ಜೊತೆಗೆ ಬಂದ ಗೆಳೆಯನಿಗೆ ಒಗ್ಗರಣಿ ಮಿರ್ಚಿ. ಎರರ್ 0.4ಕ್ಕೆ ಇಳಿಯಿತು. ಆ ಒಂದೇ ಶಾಟಿಗೆ ಮ್ಯಾಚ್‌ಮೂವ್ ಕೆಲಸ ಸಿಕ್ಕಿತು.

ಸಿಂಧನೂರು: ಮೋಸ ಹೋದೆ ಅಂತ ನಾನು ಅಂದೆನಾ? ಅಲ್ಲಿ ಕಲಿತಿದ್ದೇ ಈಗ ಅನ್ನ ಹಾಕುತ್ತಿದೆ. ಒಂದು ಬಂಡೆ ಟ್ರ್ಯಾಕ್ ಮಾಡಿ ಇಷ್ಟು ಹಾರಾಡಬೇಡಿ.

ರಾಯಚೂರು: ಜಗಳ ಬಿಡ್ರಿ ಇಬ್ಬರೂ. ನಾನು ಗೆಳತಿ ಕೀಯಿಂಗ್ (ಹಸಿರು ಪರದೆ ತೆಗೆಯುವುದು) ಮಾಡಿದ ಶಾಟ್ ನನ್ನ ರೀಲಿಗೆ ಸೇರಿಸಿದ್ದೆ. ಅದರಲ್ಲಿ ನನ್ನದು ಬರೀ ರೋಟೊ. ಹೈದರಾಬಾದಿನ ಇಂಟರ್‌ವ್ಯೂನಲ್ಲಿ "ಕೂದಲಂಚಿನ ಹಸಿರು ಹೇಗೆ ತೆಗೆದಿರಿ, ಮಾಡಿ ತೋರಿಸಿ" ಅಂತ ಕೂರಿಸಿಬಿಟ್ಟರು. ಬೆವರಿಳಿಯಿತು. ರಾತ್ರಿ ಬಸ್ಸಿಗೇ ವಾಪಸ್ಸು. ಆಮೇಲೆ ಪ್ರತಿ ಶಾಟಿನ ಕೆಳಗೆ ನಾನು ಮಾಡಿದ್ದೇನು ಅಂತ ಬರೆದೆ. ಪ್ಲೇಟ್ (ಮೂಲ ದೃಶ್ಯ), ಮ್ಯಾಟ್ (ಬೇರ್ಪಡಿಸಿದ ಆಕೃತಿಯ ಕಪ್ಪುಬಿಳುಪು ಚಿತ್ರ), ಫೈನಲ್ ಮೂರೂ ತೋರಿಸಿದೆ. 2 ನಿಮಿಷ 50 ಸೆಕೆಂಡಿನ ರೀಲ್ 55 ಸೆಕೆಂಡಿಗೆ ಬಂತು. ಈಗ ಪೇಂಟ್ ವಿಭಾಗದಲ್ಲಿದ್ದೇನೆ. ದಿನವಿಡೀ ಹೀರೋಗೆ ಕಟ್ಟಿದ ಹಗ್ಗ ಅಳಿಸುವುದು.

ಬಳ್ಳಾರಿ: ರೋಟೊ, ಪೇಂಟ್ ಎಲ್ಲ ಎಐ ನುಂಗುತ್ತದೆ. ಸಿಮ್ಯುಲೇಶನ್ (ನೀರು, ಬೆಂಕಿಯನ್ನು ಕಂಪ್ಯೂಟರಿನಲ್ಲೇ ಸೃಷ್ಟಿಸುವುದು) ಕಲಿಯಿರಿ. 2024ರ ಆಗಸ್ಟಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಅದನ್ನು ನೋಡಿ ಹೂಡಿನಿ ಸಾಫ್ಟ್‌ವೇರಿನಲ್ಲಿ ನೀರಿನ ಶಾಟ್ ಮಾಡಿದೆ. ಗ್ರಾಫಿಕ್ಸ್ ಕಾರ್ಡ್ 38,000. ಏಪ್ರಿಲ್ ಬಿಸಿಲಿಗೆ ಸಿಸ್ಟಮ್ ತಾನೇ ಆಫ್ ಆಗುತ್ತಿತ್ತು. ಕೇಸ್ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಆಗ ಕರೆಂಟ್ ಹೋಯಿತು. ಯುಪಿಎಸ್‌ಗೆ 14,000. ನೀರಿನ ಲೆಕ್ಕ ಉಳಿಸಿದ ಫೈಲುಗಳೇ (ಕ್ಯಾಶ್) 380 ಜಿಬಿ. ಕೊನೆಗೆ ನೋಡಿದರೆ ಕಲಿಯುವವರಿಗೆ ಕೊಡುವ ಉಚಿತ ಅಪ್ರೆಂಟಿಸ್ ಆವೃತ್ತಿ, ಶಾಟ್ ಮೇಲೆ ವಾಟರ್‌ಮಾರ್ಕ್!

ರಾಯಚೂರು: ಕೆಲಸ ಸಿಕ್ಕಿತಾ?

ಬಳ್ಳಾರಿ: ಸದ್ಯ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಅದಕ್ಕೇನೀಗ?

ರಾಯಚೂರು: ಏನಿಲ್ಲ. ಹಗ್ಗ ಅಳಿಸಿದರೆ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ, ಅಷ್ಟೇ.

ಗಂಗಾವತಿ: ಆ ಕಾರ್ಡಿಗೆ 38,000 ಕೊಟ್ಟಿರಾ? ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿದ್ದರೆ ಐದು ಸಾವಿರ ಉಳಿಯುತ್ತಿತ್ತು.

ಬಳ್ಳಾರಿ: ಹೋಗಿ ಬರುವ ಖರ್ಚು ನಿಮ್ಮ ಮಾವ ಕೊಡುತ್ತಾರಾ? ಕೆಟ್ಟರೆ ಮತ್ತೆ ಅಲ್ಲಿಗೇ ಓಡಬೇಕು.

ಸಿರುಗುಪ್ಪ: ನನ್ನ ನಾಲ್ಕು ರೋಟೊ ಶಾಟಿನ ಬಗ್ಗೆ ಯಾರಾದರೂ...

ಸಿಂಧನೂರು: ಬಳ್ಳಾರಿ ಅಣ್ಣಾ, ಆ ಕಾರ್ಡ್ ಮಾರುತ್ತೀರಾ?

ಬಳ್ಳಾರಿ: ಬಾಕ್ಸ್, ಬಿಲ್ ಎರಡೂ ಇವೆ. 26,000. ಕಡಿಮೆ ಮಾಡಿ ಅನ್ನಬೇಡಿ.